ಕಲ್ಲು ನೆಟ್ಟ ದಿನ, ಅದಕ್ಕೂ ಹಿಂದಿನ ದಿನಗಳು

ಪ್ರಶ್ನೆ: ಅಣ್ಣನವರಿಗೆ ನಮಸ್ಕಾರ. ನನ್ನ ಮಗಳು, ಅಳಿಯ ಎರಡು ವರ್ಷಗಳಿಂದ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದಾರೆ. ಮಾರ್ಚ್ ತಿಂಗಳ ಒಂದು ಸೋಮವಾರ ಮಗಳು ಫೋನ್ ಮಾಡಿ, ‘ಇಂದು ರಜೆ ಅಮ್ಮ, ಊರಿನ ಹುಟ್ಟುಹಬ್ಬ’ ಎಂದಳು. ಸಿಡ್ನಿಯಲ್ಲಿರುವ ಅವಳ ಗೆಳತಿಗೆ ಮಾತ್ರ ರಜೆ ಇರಲಿಲ್ಲವಂತೆ. ಊರಿಗೆ ಜಾತ್ರೆ ಇರುವುದು ಗೊತ್ತು, ತೇರು ಇರುವುದು ಗೊತ್ತು. ಹುಟ್ಟುಹಬ್ಬ ಎಂದರೇನು? ಒಂದು ಊರು ಇಂಥ ದಿನವೇ ಹುಟ್ಟಿತು ಎಂದು ಹೇಳುವವರು ಯಾರು? (ಓದುಗರೊಬ್ಬರು, ಕುಮಟಾ)

ಉತ್ತರ: ತಂಗಿ, ನಿಮ್ಮ ಕೊನೆಯ ಸಾಲನ್ನು ಎರಡು ಸಲ ಓದಿದೆ. ಮೂವತ್ತನಾಲ್ಕು ವರ್ಷ ಸರಪಳಿ ಎಳೆಸಿ, ಗಡಿಕಲ್ಲು ನೆಡಿಸಿ, ಟಿಪ್ಪಣಿ ಬರೆದು ನಿವೃತ್ತನಾದ ಭೂಮಾಪಕ ನಾನು. ಊರು ಯಾವತ್ತು ಹುಟ್ಟಿತು ಎಂದು ಹೇಳುವವರು ಯಾರು ಎಂಬ ಪ್ರಶ್ನೆ ನನ್ನನ್ನು ಕೆಲಸಕ್ಕೆ ಸೇರಿದ ದಿನದಿಂದ ಬಿಟ್ಟಿಲ್ಲ. ಆದ್ದರಿಂದ ಈ ಉತ್ತರ ಉದ್ದವಾಗುತ್ತದೆ. ಉಳಿದ ಪತ್ರಗಳವರು ಕ್ಷಮಿಸಬೇಕು.

ಮೊದಲು ರಜೆಯ ವಿಷಯ. ಅದರ ಹೆಸರು ಕ್ಯಾನ್‌ಬೆರಾ ದಿನ. ಮಾರ್ಚ್ ತಿಂಗಳ ಎರಡನೆಯ ಸೋಮವಾರ ಬರುತ್ತದೆ. 2007ರವರೆಗೆ ಮೂರನೆಯ ಸೋಮವಾರ ಇತ್ತು. ಇಡೀ ಆಸ್ಟ್ರೇಲಿಯಾಕ್ಕೆ ಅದು ರಜೆಯಲ್ಲ. ರಾಜಧಾನಿ ಇರುವ ಪುಟ್ಟ ಪ್ರದೇಶಕ್ಕೆ ಮತ್ತು ಕಡಲ ದಂಡೆಯ ಜರ್ವಿಸ್ ಬೇ ಎಂಬ ತುಣುಕಿಗೆ ಮಾತ್ರ. ಸಿಡ್ನಿ ಬೇರೆ ರಾಜ್ಯಕ್ಕೆ ಸೇರಿದ್ದು, ಹಾಗಾಗಿ ಗೆಳತಿ ಕಚೇರಿಗೆ ಹೋಗಿದ್ದಾಳೆ. ಆ ದಿನ ನೆನೆಯುವುದು 1913ರ ಮಾರ್ಚ್ 12ನ್ನು. ಅಲ್ಲಿ ಆಗ ಬೇಸಿಗೆ ಕಳೆದು ತಂಪು ಇಳಿಯುವ ಹೊತ್ತು. ನಸುಕಿನಲ್ಲಿ ಬಿಸಿಗಾಳಿಯ ಬಲೂನುಗಳು ಊರಿನ ಮೇಲೆ ತೇಲುತ್ತವೆ, ರಾತ್ರಿ ದೊಡ್ಡ ಕಟ್ಟಡಗಳ ಗೋಡೆಗೆ ಬಣ್ಣದ ಬೆಳಕು ಹಾಯಿಸುತ್ತಾರೆ. ಮಗಳಿಗೆ ಅದು ಶಿರಸಿಯ ಮಾರಿಜಾತ್ರೆಯ ಗದ್ದಲದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬರುತ್ತವೆ.

ಇನ್ನು ಊರು ಹುಟ್ಟಿದ ಬಗೆ. ಆಸ್ಟ್ರೇಲಿಯಾದ ಆರು ವಸಾಹತುಗಳು 1901ರ ಜನವರಿ 1ರಂದು ಕೂಡಿ ಒಂದು ದೇಶವಾದವು. ರಾಜಧಾನಿ ತನ್ನಲ್ಲೇ ಇರಬೇಕೆಂದು ಸಿಡ್ನಿ ಹಟ ಹಿಡಿಯಿತು, ಮೆಲ್ಬರ್ನ್ ಕೂಡ ಹಿಡಿಯಿತು. ಕೊನೆಗೆ ಸಂವಿಧಾನದಲ್ಲೇ ಬರೆದರು: ರಾಜಧಾನಿ ಸಿಡ್ನಿಯ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನ ಒಳಗಿರಲಿ, ಆದರೆ ಸಿಡ್ನಿಯಿಂದ 100 ಮೈಲಿಗಿಂತ ಹತ್ತಿರ ಇರಕೂಡದು, ಅದು ಸಿದ್ಧವಾಗುವ ತನಕ ಸಂಸತ್ತು ಮೆಲ್ಬರ್ನಿನಲ್ಲಿ ಕೂಡಲಿ. ಕಾರವಾರ ದೂರವಾಯಿತು, ಘಟ್ಟದ ಮೇಲಿನವರಿಗೆ ಶಿರಸಿಯೇ ಜಿಲ್ಲೆಯಾಗಲಿ ಎಂಬ ಮಾತನ್ನು ಕೇಳುತ್ತ ಬಂದ ನಮಗೆ ಇಂಥ ಎಳೆದಾಟ ಅಪರಿಚಿತವಲ್ಲ. 1904ರಲ್ಲಿ ಡಾಲ್ಗೆಟಿ ಎಂಬ ಜಾಗವನ್ನು ಆರಿಸಿದರು, ಅದು ಒಪ್ಪಿಗೆಯಾಗದೆ 1908ರಲ್ಲಿ ಕ್ಯಾನ್‌ಬೆರಾದ ಕಣಿವೆಯನ್ನು ಆರಿಸಿದರು.

ಅಲ್ಲಿಂದ ಮುಂದಿನದು ನನ್ನ ಕಸುಬಿನವರ ಕಥೆ. ಚಾರ್ಲ್ಸ್ ಸ್ಕ್ರಿವನರ್ ಎಂಬ ಸರ್ಕಾರಿ ಭೂಮಾಪಕ ತನ್ನ ತಂಡದೊಂದಿಗೆ 1909ರಲ್ಲಿ ಆ ಗುಡ್ಡಗಳ ನಡುವೆ ಡೇರೆ ಹೂಡಿದ. ಎಲ್ಲಿ ಏರು, ಎಲ್ಲಿ ಇಳಿಜಾರು, ಮೊಲಾಂಗ್ಲೊ ನದಿಗೆ ಎಲ್ಲಿ ಕಟ್ಟೆ ಹಾಕಿದರೆ ಕೆರೆಯಾಗುತ್ತದೆ, ಕುಡಿಯುವ ನೀರು ಯಾವ ಬೆಟ್ಟದಿಂದ ಬರುತ್ತದೆ ಎಂಬುದನ್ನೆಲ್ಲ ನಡೆದು ನೋಡಿ ನಕ್ಷೆಗಿಳಿಸಿದ. ಆಮೇಲೆ ಪರ್ಸಿ ಶೀಫ್ ಮತ್ತು ಇನ್ನಿಬ್ಬರು ಭೂಮಾಪಕರು 1910ರಿಂದ 1915ರವರೆಗೆ ಗಡಿ ಗುರುತಿಸಿದರು. ಆ ಗಡಿಯ ಬಹುಭಾಗ ಬೆಟ್ಟದ ನೆತ್ತಿಯ ಮೇಲೆಯೇ ಸಾಗುತ್ತದೆ, ಏಕೆಂದರೆ ಮಳೆ ಬಿದ್ದ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ನೋಡಿ ಗೆರೆ ಎಳೆದಿದ್ದಾರೆ. ದೇವಿಮನೆ ಘಟ್ಟದ ನೆತ್ತಿಯಲ್ಲಿ ನಿಂತು ಒಂದು ಹನಿ ಶಿರಸಿಯ ಕಡೆ, ಇನ್ನೊಂದು ಹನಿ ಕುಮಟೆಯ ಕಡೆ ಎಂದು ಗೆರೆ ಎಳೆಯುವುದನ್ನು ಎಣಿಸಿಕೊಳ್ಳಿ. ನಾನು ಮಳೆಗಾಲದ ಮೊದಲ ವಾರ ಉಂಬಳ ಕಿತ್ತುಹಾಕುತ್ತ ಕಾಡಿನಲ್ಲಿ ಬಾಂದುಗಲ್ಲು ಹುಡುಕಿದವನು. ಅವರು ಹಿಮ ಬೀಳುವ ಬೆಟ್ಟದಲ್ಲಿ ಐದು ವರ್ಷ ಅದೇ ಕೆಲಸ ಮಾಡಿದರು. ನಮ್ಮದು 16 ಆಣೆಯ, ಅಂದರೆ 16 ಸಮಭಾಗ ಮಾಡಿದ, 33 ಅಡಿ ಸರಪಳಿ. ಅವರದು ಅದಕ್ಕಿಂತ ಉದ್ದದ್ದು. ಬೆನ್ನು ನೋಯುವುದು ಎರಡಕ್ಕೂ ಒಂದೇ.

ಸ್ಕ್ರಿವನರ್‌ನ ಸಮೋನ್ನತಿ ನಕ್ಷೆಯನ್ನೂ (ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಸೇರಿಸಿ ಏರಿಳಿತ ತೋರಿಸುವ ನಕ್ಷೆ), ಕಣಿವೆಯ ಸುತ್ತುನೋಟದ ಚಿತ್ರಗಳನ್ನೂ ಜಗತ್ತಿನ ವಾಸ್ತುಶಿಲ್ಪಿಗಳಿಗೆ ಕಳಿಸಿ ಸ್ಪರ್ಧೆ ಏರ್ಪಡಿಸಿದರು. 137 ವಿನ್ಯಾಸಗಳು ಬಂದವು. 1912ರಲ್ಲಿ ಗೆದ್ದವನು ಅಮೆರಿಕದ ಶಿಕಾಗೊದ ವಾಲ್ಟರ್ ಬರ್ಲಿ ಗ್ರಿಫಿನ್. ಆ ವಿನ್ಯಾಸದ ಚಿತ್ರಗಳನ್ನು ಬರೆದವಳು ಅವನ ಹೆಂಡತಿ ಮರಿಯನ್ ಮಹೋನಿ ಗ್ರಿಫಿನ್, ಅವಳೂ ವಾಸ್ತುಶಿಲ್ಪಿಯೇ. ಗಂಡಹೆಂಡತಿ ಇಬ್ಬರೂ ಅಲ್ಲಿಯವರೆಗೆ ಆ ನೆಲಕ್ಕೆ ಕಾಲಿಟ್ಟಿರಲಿಲ್ಲ. ಆದರೂ ಯಾವ ಬೆಟ್ಟದಿಂದ ಯಾವ ಬೆಟ್ಟಕ್ಕೆ ಕಣ್ಣು ಹಾಯಬೇಕು, ನಡುವೆ ನೀರು ಎಲ್ಲಿ ಅಡ್ಡ ಹರಡಬೇಕು ಎಂದು ಕರಾರುವಾಕ್ಕಾಗಿ ಬರೆದರು. ಅಳೆದವನ ನಕ್ಷೆ ಅಷ್ಟು ಖಚಿತವಾಗಿತ್ತು. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಮುಚ್ಚಿಡುವುದಿಲ್ಲ.

ಈಗ 1913ರ ಮಾರ್ಚ್ 12. ಒಂದು ಗುಡ್ಡದ ಮೇಲೆ ಚಪ್ಪರ, ಕುದುರೆ ಸವಾರರು, ಬ್ಯಾಂಡು. ಗವರ್ನರ್ ಜನರಲ್ ಲಾರ್ಡ್ ಡೆನ್‌ಮನ್, ಪ್ರಧಾನಿ ಆಂಡ್ರ್ಯೂ ಫಿಶರ್, ಮಂತ್ರಿ ಕಿಂಗ್ ಒಮ್ಯಾಲಿ ಮೂವರೂ ಒಂದೊಂದು ಅಡಿಗಲ್ಲು ಇಟ್ಟರು. ಊರಿನ ಹೆಸರನ್ನು ಅಲ್ಲಿಯವರೆಗೆ ಗುಟ್ಟಾಗಿ ಇಟ್ಟಿದ್ದರು. ಜನರು ಕಳಿಸಿದ್ದ ಹೆಸರುಗಳಲ್ಲಿ ಆರು ರಾಜ್ಯಗಳ ರಾಜಧಾನಿಗಳ ತುಂಡುಗಳನ್ನು ಪೋಣಿಸಿದ ‘ಸಿಡ್‌ಮೆಲ್‌ಪೆರಾಡ್‌ಬ್ರಿಶೋ’ ಎಂಬುದೂ ಇತ್ತು. ನಡುಮಧ್ಯಾಹ್ನ ಲೇಡಿ ಡೆನ್‌ಮನ್ ಚಿನ್ನದ ಪುಟ್ಟ ಡಬ್ಬಿಯಿಂದ ಚೀಟಿ ತೆಗೆದು ‘ಕ್ಯಾನ್‌ಬೆರಾ’ ಎಂದು ಓದಿದಳು. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಓದಿದಳು, ಇಂದಿಗೂ ಆ ಊರಿನವರು ಹಾಗೆಯೇ ‘ಕ್ಯಾನ್‌ಬ್ರಾ’ ಎಂದಂತೆ ಉಚ್ಚರಿಸುತ್ತಾರೆ. ನಿಮ್ಮ ಮಗಳ ಬಾಯಲ್ಲಿ ಹಾಗೆ ಕೇಳಿಸಿದರೆ ತಿದ್ದಬೇಡಿ.

ತಂಗಿ, ನಿಮ್ಮ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ ಇಷ್ಟೇ: ಆ ದಿನ ಹುಟ್ಟಿತು ಎಂದವರು ಚಪ್ಪರದಲ್ಲಿ ಕುಳಿತವರು. ಆದರೆ ಆ ಹೆಸರು ಅಂದು ಹುಟ್ಟಿದ್ದಲ್ಲ. ಅದಕ್ಕೂ ಎಷ್ಟೋ ದಶಕ ಮೊದಲಿನಿಂದ ಆ ಬಯಲನ್ನು ಜನ ಕ್ಯಾನ್‌ಬೆರಿ, ಕ್ಯಾನ್‌ಬೆರಾ ಎಂದೇ ಕರೆಯುತ್ತಿದ್ದರು. ಅಲ್ಲಿ ಕುರಿ ಸಾಕುವವರ ಮನೆಗಳಿದ್ದವು, 1845ರ ಒಂದು ಚರ್ಚ್ ಇತ್ತು. ಅವರಿಗಿಂತ ಸಾವಿರಾರು ವರ್ಷ ಮೊದಲಿನಿಂದ ಅದು ಅಲ್ಲಿನ ಮೂಲನಿವಾಸಿಗಳಾದ ನುನ್ನವಾಲ್ ಜನರ ನೆಲ. ಕ್ಯಾನ್‌ಬೆರಾ ಎಂಬುದೇ ಮೂಲನಿವಾಸಿಗಳ ಮಾತಿನಿಂದ ಬಂದದ್ದು, ಅದಕ್ಕೆ ‘ಕೂಡುವ ಜಾಗ’ ಎಂದು ಅರ್ಥ ಹೇಳುತ್ತಾರೆ. ರಾಜಧಾನಿಗಾಗಿ ರೈತರ ಜಮೀನನ್ನು ಸರ್ಕಾರ ವಶಪಡಿಸಿಕೊಂಡಾಗ 1908ರ ಬೆಲೆಗಿಂತ ಹೆಚ್ಚು ಕೊಡಬೇಕಾಗಿಲ್ಲ ಎಂದು ಕಾನೂನು ಮಾಡಿಕೊಂಡಿತ್ತು. ಇಂದಿಗೂ ಆ ಊರಿನಲ್ಲಿ ನೆಲ ಯಾರ ಸ್ವಂತದ್ದೂ ಅಲ್ಲ. ನಿಮ್ಮ ಮಗಳು ಮನೆ ಕೊಂಡರೆ ಅದರಡಿಯ ನೆಲ 99 ವರ್ಷದ ಗೇಣಿಗೆ ಸಿಗುತ್ತದೆ. 1974ರ ಭೂಸುಧಾರಣೆಯ ಕಾಲದಲ್ಲಿ, ಗೇಣಿಗೆ ಉಳುತ್ತಿದ್ದ ನೆಲ ತಮ್ಮದಾಗಲೆಂದು ಏಳನೆಯ ನಂಬರಿನ ಫಾರ್ಮು ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತ ನಮ್ಮ ಜಿಲ್ಲೆಯ ಹಿರಿಯರಿಗೆ ಗೇಣಿ ಎಂಬ ಶಬ್ದದ ತೂಕ ಗೊತ್ತು. ನನ್ನ ಕೆಲಸ ಶುರುವಾದದ್ದೇ ಆ ಫಾರ್ಮುಗಳ ಅಳತೆಯಿಂದ.

ಒಂದು ಸಂಗತಿ ಹೇಳಬೇಕು. ನಮ್ಮ ಕರಾವಳಿಯ ಒಂದು ಕೇರಿಯನ್ನು ಸರ್ಕಾರಿ ಯೋಜನೆಯೊಂದಕ್ಕಾಗಿ ಅಳೆಯಲು ನನ್ನನ್ನು ಕಳಿಸಿದ್ದರು. ಯಾವ ಊರು, ಯಾವ ಯೋಜನೆ ಎಂದು ಬರೆಯುವುದಿಲ್ಲ. ಒಂದು ಹಿತ್ತಲಿನಲ್ಲಿ ಹನ್ನೊಂದು ತೆಂಗು, ಒಂದು ಮಾವು. ನಮೂನೆಯಲ್ಲಿ ‘ಮಾವು 1’ ಎಂದು ಬರೆದೆ. ಮನೆಯ ಅಜ್ಜಿ ಬಗ್ಗಿ ನೋಡಿ, ಓದು ಬಾರದಿದ್ದರೂ ಏನು ಬರೆದೆ ಎಂದು ಕೇಳಿ ತಿಳಿದುಕೊಂಡು, ‘ಬರೀ ಮಾವಲ್ಲ ತಮ್ಮಾ, ಕರಿ ಇಶಾಡು ಎಂದು ಬರೆ. ನನ್ನ ಅತ್ತೆ ನೆಟ್ಟದ್ದು’ ಎಂದರು. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ತಳಿ ಕೇಳುವ ಅಂಕಣವಿಲ್ಲ, ನೆಟ್ಟವರ ಹೆಸರಿಗಂತೂ ಇಲ್ಲವೇ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ. ಮೇಲಿನವರು ಶುದ್ಧಪ್ರತಿ ಮಾಡಿಸುವಾಗ ಅದು ಬಿಟ್ಟುಹೋಯಿತು. ನಾನು ಜಗಳ ಮಾಡಬೇಕಿತ್ತು, ಮಾಡಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಹೆಸರಿಡದ ಒಂದು ಗುಂಟೆಯನ್ನೂ ನಾನು ಅಳೆದಿಲ್ಲ. ಸರ್ವೆ ನಂಬರ್ ಬೀಳುವ ಮೊದಲೇ ಪ್ರತಿ ತುಂಡಿಗೂ ಒಂದು ಹೆಸರಿತ್ತು: ಹಕ್ಕಲು, ಬೇಣ, ಗಜನಿ, ಇಂಥವರ ತೋಟ, ಇಂಥ ದೇವರ ಬನ. ಅದಕ್ಕೇ ಅಡಿಗಲ್ಲಿನ ಚಿತ್ರ ನೋಡಿದಾಗಲೆಲ್ಲ ಚಪ್ಪರದ ಹೊರಗೆ ಯಾರು ನಿಂತಿದ್ದಾರೆ ಎಂದು ಹುಡುಕುತ್ತೇನೆ.

ಕ್ಯಾನ್‌ಬೆರಾದಲ್ಲಿ ಅಂಥ ಒಬ್ಬರ ಹೆಸರು ಉಳಿದಿದೆ. 1927ರ ಮೇ 9ರಂದು ಅಲ್ಲಿನ ಮೊದಲ ಸಂಸತ್ ಭವನದ ಉದ್ಘಾಟನೆ. ಬ್ರಿಟನ್ನಿನ ರಾಜಕುಮಾರ ಯಾರ್ಕ್‌ನ ಡ್ಯೂಕ್ ಬಂದಿದ್ದ. ಜಿಮ್ಮಿ ಕ್ಲೆಮೆಂಟ್ಸ್ ಎಂಬ ವಿರಾಜುರಿ ಜನಾಂಗದ ಹಿರಿಯರು ಬ್ರಂಗಲ್ ಎಂಬಲ್ಲಿಂದ ಬೆಟ್ಟ ದಾಟಿ ಅಷ್ಟು ದೂರ ನಡೆದೇ ಬಂದು, ಬರಿಗಾಲಿನಲ್ಲಿ, ತಮ್ಮ ನಾಯಿಗಳೊಂದಿಗೆ ಭವನದ ಮುಂದೆ ನಿಂತರು. ಪೊಲೀಸರು ಹೋಗೆಂದರು. ನೆರೆದ ಜನರೇ ಕೂಗಿ ಹಿರಿಯರ ಪರ ನಿಂತರು. ಈಗ ಅದೇ ಊರು ಮೇ ತಿಂಗಳ ಕೊನೆಗೆ ಇನ್ನೊಂದು ರಜೆ ಕೊಡುತ್ತದೆ: ಮೂಲನಿವಾಸಿಗಳೊಂದಿಗೆ ಬಾಂಧವ್ಯ ಸರಿಪಡಿಸಿಕೊಳ್ಳುವ ದಿನ, 2018ರಿಂದ. ದೇಶದಲ್ಲಿ ಅದನ್ನು ಸಾರ್ವಜನಿಕ ರಜೆ ಮಾಡಿದ ಮೊದಲ ಪ್ರದೇಶ ಅದು. ಮಗಳಿಗೆ ಮಾರ್ಚ್ ರಜೆಯ ಜೊತೆಗೆ ಆ ರಜೆಯ ಬಗ್ಗೆಯೂ ಕೇಳಿ.

ಪ್ರಶ್ನೆ: ನಮ್ಮ ಬನವಾಸಿಯೂ ರಾಜಧಾನಿಯಾಗಿತ್ತು. ಅದರ ಸ್ಥಾಪನೆಯ ದಿನವನ್ನು ನಾವು ಏಕೆ ಆಚರಿಸುವುದಿಲ್ಲ? ಬೆಂಗಳೂರಿಗಾದರೂ ಅಂಥ ದಿನ ಇದೆಯೇ? (ಪದವಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ಮಗಳೇ, ಬನವಾಸಿಗೆ ಉತ್ಸವವಿದೆ, ಹುಟ್ಟಿದ ದಿನವಿಲ್ಲ. ಕದಂಬೋತ್ಸವವನ್ನು ಸರ್ಕಾರ ಅಲ್ಲಿಯೇ ನಡೆಸುತ್ತದೆ, ಪಂಪ ಪ್ರಶಸ್ತಿಯನ್ನು ಅಲ್ಲಿ ಕೊಡುವ ಸಂಪ್ರದಾಯವೂ ಇದೆ. ಆದರೆ ಮಯೂರಶರ್ಮ ಇಂಥ ದಿನ ಬನವಾಸಿಯನ್ನು ರಾಜಧಾನಿ ಮಾಡಿಕೊಂಡ ಎಂದು ಹೇಳಲು ದಾಖಲೆಯಿಲ್ಲ. ವಿದ್ವಾಂಸರು ಸುಮಾರು ಕ್ರಿ.ಶ. 345 ಎನ್ನುತ್ತಾರೆ. ಓದಲು ಕಂಚಿಗೆ ಹೋದವನು ಪಲ್ಲವರ ಕುದುರೆ ಸವಾರನೊಂದಿಗಿನ ಜಗಳದಲ್ಲಿ ಅವಮಾನಗೊಂಡು ಕತ್ತಿ ಹಿಡಿದ ಕಥೆಯನ್ನು ತಾಳಗುಂದದ ಕಂಬದ ಶಾಸನ ಹೇಳುತ್ತದೆ. ತಾಳಗುಂದ ಶಿಕಾರಿಪುರ ತಾಲ್ಲೂಕಿನಲ್ಲಿದೆ, ಶಿರಸಿಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ಹೋಗಿ ನೋಡು.

ನಿನ್ನ ಪ್ರಶ್ನೆಗೆ ಇನ್ನೊಂದು ಉತ್ತರ ಮಧುಕೇಶ್ವರ ದೇವಸ್ಥಾನದ ಆವರಣದಲ್ಲೇ ಇದೆ. ಅಲ್ಲಿ ಐದು ಹೆಡೆಯ ನಾಗನ ಕಲ್ಲಿದೆ. ಅದರ ಮೇಲಿನ ಪ್ರಾಕೃತ ಬರಹ ಚುಟು ಅರಸರ ಕಾಲದ್ದು. ನಾಗಶ್ರೀ ಎಂಬ ರಾಜಕುಮಾರಿ ನಾಗನನ್ನು, ಕೆರೆಯನ್ನು, ವಿಹಾರವನ್ನು ಕೊಟ್ಟಳೆಂದು ಹೇಳುತ್ತದೆ. ಅಂದರೆ ಕದಂಬರು ಬರುವ ಮೊದಲೇ ವರದೆಯ ದಂಡೆಯಲ್ಲಿ ಊರಿತ್ತು, ಕೆರೆಯಿತ್ತು. ಮಯೂರಶರ್ಮ ಊರು ಕಟ್ಟಲಿಲ್ಲ, ಇದ್ದ ಊರನ್ನು ರಾಜಧಾನಿ ಮಾಡಿಕೊಂಡ. ಕ್ಯಾನ್‌ಬೆರಾಕ್ಕೆ 1913ರ ದಿನಾಂಕ ಸಿಕ್ಕಿದ್ದು ಅಲ್ಲಿ ಕ್ಯಾಮೆರಾ, ವರದಿಗಾರರು, ಸರ್ಕಾರಿ ಕಡತ ಇದ್ದುದರಿಂದ. ನಾಗಶ್ರೀಯ ಕಲ್ಲು ನಮಗೆ ಯಾವ ಸೋಮವಾರವನ್ನೂ ಕೊಡದಿದ್ದರೂ ಒಬ್ಬ ಹೆಣ್ಣುಮಗಳು ಕೆರೆ ಕಟ್ಟಿಸಿದ್ದನ್ನು ಉಳಿಸಿಕೊಟ್ಟಿದೆ. ನನ್ನನ್ನು ಕೇಳಿದರೆ ಅದು ಅಡಿಗಲ್ಲಿಗಿಂತ ದೊಡ್ಡದು. ಈ ಜಿಲ್ಲೆಯಲ್ಲಿ ರಾಜಧಾನಿಗಳಾಗಿ ಬಾಳಿದ ಊರುಗಳು ಇನ್ನೂ ಇವೆ: ಸೋದೆ, ಬಿಳಗಿ, ಗೇರುಸೊಪ್ಪೆ, ಹಾಡುವಳ್ಳಿ. ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ಕಾಡಿನ ನಡುವೆ ನೋಡಿದವರಿಗೆ ರಾಜಧಾನಿ ಎಂಬ ಶಬ್ದವೇ ಬೇರೆಯಾಗಿ ಕೇಳಿಸುತ್ತದೆ.

ಬೆಂಗಳೂರಿನ ಕೋಟೆಪೇಟೆಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿದರೆಂದು ಪ್ರಸಿದ್ಧ. ಜೂನ್ 27ರಂದು ಆಚರಿಸುವುದು ಅವರ ಜಯಂತಿ, ಊರಿನದಲ್ಲ. ನಮಗೆ ಸಂಬಂಧಿಸಿದ ದಿನ ನವೆಂಬರ್ 1. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರ ಅಕ್ಟೋಬರ್ 31ರವರೆಗೆ ಅಲ್ಲಿಯೇ ಇತ್ತು. ನನ್ನ ಅಜ್ಜನಿಗೆ ರಾಜಧಾನಿ ಎಂದರೆ ಮುಂಬಯಿ, ಕಾರವಾರ ಬಂದರಿನಿಂದ ಆಗಬೋಟು ಹತ್ತಿ ಹೋಗುವ ಊರು. ನವೆಂಬರ್ 1ರ ಬೆಳಿಗ್ಗೆ ಅವನ ರಾಜಧಾನಿ ಬೆಂಗಳೂರಾಯಿತು, ಅದನ್ನು ಅವನು ಸಾಯುವವರೆಗೂ ನೋಡಲಿಲ್ಲ. ಆದರೂ ಪ್ರತಿ ರಾಜ್ಯೋತ್ಸವಕ್ಕೆ ಶಾಲೆಯ ಧ್ವಜದ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಲ್ಲುತ್ತಿದ್ದ.

ಪ್ರಶ್ನೆ: ಕ್ಯಾನ್‌ಬೆರಾ ಒಳನಾಡಿನ ಊರು. ಅದಕ್ಕೆ ಸೇರಿದ ರಜೆ ಕಡಲ ತೀರದ ತುಣುಕಿಗೂ ಸಿಗುವುದು ಹೇಗೆ? ಈ ಊರು ಕಟ್ಟಿದವನಿಗೆ ಭಾರತದ ನಂಟು ಇದೆ ಎಂದು ಕೇಳಿದ್ದೇನೆ, ನಿಜವೇ? (ಓದುಗರೊಬ್ಬರು, ಅಂಕೋಲಾ. ಇವರ ಪತ್ರ ಕುಮಟೆಯವರ ಪತ್ರದ ಜೊತೆಯಲ್ಲೇ ಬಂತು, ಇಬ್ಬರೂ ಬಂಧುಗಳಂತೆ.)

ಉತ್ತರ: ರಾಜಧಾನಿಗೆ ತನ್ನದೇ ಬಂದರು ಬೇಕೆಂದು 1915ರಲ್ಲಿ ಜರ್ವಿಸ್ ಬೇಯ ಒಂದಿಷ್ಟು ದಂಡೆಯನ್ನು ಕೇಂದ್ರ ಸರ್ಕಾರಕ್ಕೆ ಬಿಟ್ಟುಕೊಟ್ಟರು. ದೊಡ್ಡ ಬಂದರು ಆಗಲಿಲ್ಲ, ನೌಕಾಪಡೆಯ ತರಬೇತಿ ಕಾಲೇಜು ಬಂತು, ಈಗಲೂ ಇದೆ. ಅಲ್ಲಿ ಕ್ಯಾನ್‌ಬೆರಾದ ಕಾನೂನುಗಳೇ ನಡೆಯುವುದರಿಂದ ರಜೆಯೂ ನಡೆಯುತ್ತದೆ. ಕಾರವಾರದ ಬಳಿಯ ಅರ್ಗಾದ ನೌಕಾನೆಲೆಗೆ ಕದಂಬ ಎಂದು ಹೆಸರಿಟ್ಟಾಗ ಬನವಾಸಿಗೂ ಹೀಗೊಂದು ಕಡಲು ಸಿಕ್ಕಿತು ಎಂದು ನನಗೆ ಅನಿಸಿತ್ತು.

ನಂಟು ನಿಜ. ಗ್ರಿಫಿನ್‌ಗೆ ಅಧಿಕಾರಿಗಳೊಂದಿಗೆ ಹೊಂದಿಕೆಯಾಗಲಿಲ್ಲ. ಯೋಜನೆಯ ಹೊಣೆ 1920ರ ಕೊನೆಗೆ ಅವನ ಕೈತಪ್ಪಿತು. 1935ರಲ್ಲಿ ಲಖನೌ ವಿಶ್ವವಿದ್ಯಾಲಯದ ಗ್ರಂಥಾಲಯದ ವಿನ್ಯಾಸಕ್ಕೆಂದು ಭಾರತಕ್ಕೆ ಬಂದ. ಮರಿಯನ್ ಕೂಡ ಬಂದು ಜೊತೆಯಾದಳು. 1937ರ ಫೆಬ್ರುವರಿಯಲ್ಲಿ ಶಸ್ತ್ರಚಿಕಿತ್ಸೆಯ ನಂತರ ಲಖನೌದಲ್ಲೇ ತೀರಿಕೊಂಡ. ಅವನ ಸಮಾಧಿ ಅಲ್ಲಿನ ಕ್ರೈಸ್ತ ಸ್ಮಶಾನದಲ್ಲಿದೆ, ಬಹುಕಾಲ ಗುರುತಿನ ಕಲ್ಲೂ ಇರಲಿಲ್ಲ. ಅವನು ಬರೆದ ಕೆರೆ ತುಂಬಿದ್ದು 1964ರಲ್ಲಿ. ಕೆರೆಗೆ ಅವನ ಹೆಸರು, ಅದನ್ನು ಹಿಡಿದು ನಿಲ್ಲಿಸಿದ ಅಣೆಕಟ್ಟಿಗೆ ಭೂಮಾಪಕ ಸ್ಕ್ರಿವನರ್‌ನ ಹೆಸರು.

ಅಡಿಗಲ್ಲುಗಳ ಕಥೆಯನ್ನೂ ಕೇಳಿ. 1913ರಲ್ಲಿ ಇಟ್ಟ ಆ ಮೂರು ಕಲ್ಲುಗಳ ಮೇಲೆ ಏಳಬೇಕಿದ್ದ ಸ್ತಂಭ ಪೂರ್ತಿಯಾಗಲೇ ಇಲ್ಲ. ಅದೇ ಗುಡ್ಡದಲ್ಲಿ ಹೊಸ ಸಂಸತ್ ಭವನ ಕಟ್ಟಿದಾಗ ಕಲ್ಲುಗಳನ್ನು ಎಬ್ಬಿಸಿ, 1988ರಲ್ಲಿ ಭವನದ ಎದುರಿನ ಹುಲ್ಲುಹಾಸಿನ ಬಳಿ ಕೂರಿಸಿದರು. ನಮ್ಮ ಹೊಸದಿಲ್ಲಿಗೂ ಹೀಗೇ ಆಯಿತು. 1911ರ ಡಿಸೆಂಬರ್ 15ರಂದು ಐದನೆಯ ಜಾರ್ಜ್ ದೊರೆ ಇಟ್ಟ ಅಡಿಗಲ್ಲುಗಳನ್ನು ಆಮೇಲೆ ರೈಸೀನಾ ಗುಡ್ಡಕ್ಕೆ ಸಾಗಿಸಿದರು. ಗಡಿಕಲ್ಲು ಕಿತ್ತವನಿಗೆ ನಮ್ಮ ಇಲಾಖೆಯಲ್ಲಿ ದಂಡ ಹಾಕುತ್ತಿದ್ದೆವು.

ಕುಮಟೆಯ ತಂಗಿಗೆ ಒಂದು ಕೋರಿಕೆ. ಸ್ಕ್ರಿವನರ್‌ನ ಡೇರೆ ಇದ್ದ ಜಾಗದಲ್ಲಿ, ನಕ್ಷೆಗಳಿಗೆ ಬೆಂಕಿ ತಗಲದಿರಲೆಂದು ಕಟ್ಟಿದ ಪುಟ್ಟ ಕಾಂಕ್ರೀಟ್ ಕೋಣೆಯೊಂದು ಈಗಲೂ ಉಳಿದಿದೆ, ಸಂಸತ್ ಭವನದಿಂದ ಹೆಚ್ಚು ದೂರವಿಲ್ಲ. ಭೂಮಾಪಕರ ಗುಡಿಸಲು ಎಂದು ಕೇಳಿದರೆ ತೋರಿಸುತ್ತಾರೆ. ಮಗಳು ಬಿಡುವಾದಾಗ ಅದರ ಒಂದು ಫೋಟೊ ತೆಗೆದು ಕಳಿಸಲಿ. ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನೂ ಬರೆಯಲಿ.